ಸಣ್ಣ ಬೀಜವೋ, ದೊಡ್ಡ ಬೀಜವೋ: ಕರಾವಳಿಯ ಮಣ್ಣಿಗೆ ಮೇವಿನ ಹುಲ್ಲು ಆರಿಸುವ ಬಗೆ

ಮೇ ತಿಂಗಳು ಅರ್ಧ ಕಳೆಯಿತೆಂದರೆ ನಮ್ಮ ಹಾಲಿನ ಸೊಸೈಟಿಯ ಜಗಲಿಯಲ್ಲಿ ಒಂದೇ ಮಾತು. ಕ್ಯಾನ್ ಇಳಿಸಿ ಫ್ಯಾಟ್ ನೋಡುವವರೆಗೆ ನಿಂತವರೆಲ್ಲ ಕೇಳುವುದು ಇದನ್ನೇ: “ಈ ಸಲ ಎಂತ ಹುಲ್ಲು ಹಾಕುವುದು? ಗಿನಿಯಾ, ಕಾಂಗೋ ಸಿಗ್ನಲ್ಲಾ? ಮೆಕ್ಕೆಜೋಳ ಬಿತ್ತಿದರೆ ಬೇಗ ಆಗ್ತದಾ? ಅಲ್ಲ, ಸುಮ್ಮನೆ ನೇಪಿಯರ್ ಕಡ್ಡಿ ತಂದು ಊರುವುದಾ?” ಉಡುಪಿಯಿಂದ ಒಳಗೆ, ಹಿರಿಯಡ್ಕದ ಕಡೆಯ ನಮ್ಮಂಥ ಹಳ್ಳಿಗಳಲ್ಲಿ ಎರಡು ಮೂರು ದನ ಕಟ್ಟಿಕೊಂಡ ಮನೆಗಳಿಗೆಲ್ಲ ಇದು ದೊಡ್ಡ ಪ್ರಶ್ನೆಯೇ. ಹಿಂಡಿಯ ಚೀಲ ಎಷ್ಟು ದಿನ ಬರುತ್ತದೆ ಎನ್ನುವುದು ಹಸಿಹುಲ್ಲು ಎಷ್ಟಿದೆ ಎನ್ನುವುದರ ಮೇಲೆ ನಿಂತಿದೆ.

ಪಕ್ಕದ ಮನೆಯ ಅಕ್ಕನ ಮಾತು ಈ ಬರಹಕ್ಕೆ ಕಾರಣ. “ಹೋದ ವರ್ಷ ಒಂದು ಕಿಲೋ ಗಿನಿ ಬೀಜ ಹಾಕಿದ್ದೆ ಮಾರಾಯ್ರೆ. ಒಂದು ಗರಿ ಮೇಲೆ ಬರಲಿಲ್ಲ. ಬೀಜವೇ ಸತ್ತಿತ್ತೋ ಏನೋ” ಎಂದರು. ಎಷ್ಟು ಆಳಕ್ಕೆ ಹಾಕಿದ್ದಿರಿ ಎಂದು ಕೇಳಿದೆ. “ಟಿಲ್ಲರ್ ಹೊಡೆಸಿ ಬಿತ್ತಿದೆ. ಹಕ್ಕಿ ತಿನ್ನುವುದು ಬೇಡ ಅಂತ ಮೇಲಿಂದ ಇನ್ನೊಂದು ಸುತ್ತು ಟಿಲ್ಲರ್ ಹೊಡೆಸಿದೆ.” ಅವರ ಡಬ್ಬಿಯಲ್ಲಿ ಉಳಿದಿದ್ದ ಒಂದು ಚಿಟಿಕೆ ಬೀಜ ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆವು. ಹನ್ನೆರಡನೇ ದಿನ ಬಿಚ್ಚಿ ನೋಡಿದರೆ ಬಟ್ಟೆಯ ತುಂಬ ಬಿಳಿ ಬೇರು. ಬೀಜ ಸತ್ತಿರಲಿಲ್ಲ. ಎರಡನೇ ಸುತ್ತಿನ ಟಿಲ್ಲರ್ ಅದನ್ನು ಗೇಣುದ್ದ ಹೂತಿತ್ತು.

ಮೊಳಕೆ ಒಡೆಯುವುದು ಬೇರೆ, ಮಣ್ಣು ಸೀಳಿ ಮೇಲೆ ಬರುವುದು ಬೇರೆ. ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುವ ಶೇಕಡಾವಾರು ಮೊದಲನೆಯದರದ್ದು. ಎರಡನೆಯದನ್ನು ತೀರ್ಮಾನಿಸುವುದು ಬೀಜದ ಗಾತ್ರ, ಗದ್ದೆಯ ಮೇಲ್ಮಣ್ಣು ಮತ್ತು ಬಿತ್ತುವ ಕೈ. ಹುಲ್ಲು ಆರಿಸುವಾಗ ಎಲ್ಲರೂ ನೋಡುವುದು ಎಷ್ಟು ಎತ್ತರ ಬೆಳೆಯುತ್ತದೆ, ಎಷ್ಟು ಟನ್ ಬರುತ್ತದೆ ಎಂದು. ನಾನು ಮೊದಲು ನೋಡುವುದು ಬೀಜದ ಗಾತ್ರವನ್ನು. ಮೊದಲ ಮೂರು ವಾರ ಆ ಹುಲ್ಲು ನಮ್ಮಿಂದ ಏನೇನು ಕೇಳುತ್ತದೆ ಎನ್ನುವುದನ್ನು ಅದೇ ಹೇಳಿಬಿಡುತ್ತದೆ.

ಬೀಜದೊಳಗಿನ ಬುತ್ತಿ

ಹುಲ್ಲಿನ ಬೀಜವೆಂದರೆ ಒಂದು ಪುಟ್ಟ ಭ್ರೂಣ ಮತ್ತು ಅದರ ಪಕ್ಕದಲ್ಲಿ ಕಟ್ಟಿಟ್ಟ ಬುತ್ತಿ. ಬುತ್ತಿಯ ಹೆಚ್ಚಿನ ಭಾಗ ಪಿಷ್ಟ. ಬೀಜ ನೀರು ಕುಡಿದು ಉಬ್ಬಿದಾಗ ಭ್ರೂಣ ಎಚ್ಚೆತ್ತು, ಬುತ್ತಿಯ ಹೊರಪದರಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿ ತಯಾರಾಗುವ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಮೊದಲ ಎಲೆ ಬಿಸಿಲು ಕಾಣುವವರೆಗೆ ಮೊಳಕೆಗೆ ಬೇರೆ ಊಟವಿಲ್ಲ. ದಾರಿ ಉದ್ದವಾಗಿ ಬುತ್ತಿ ಸಣ್ಣದಾದರೆ ಮೊಳಕೆ ದಾರಿಯಲ್ಲೇ ಮುಗಿಯುತ್ತದೆ.

ಈ ಬುತ್ತಿಯ ಲೆಕ್ಕ ಕಣ್ಣಂದಾಜಿಗೆ ಸಿಗುವುದಿಲ್ಲ. ಒಂದೇ ಆಕಾರದ ಎರಡು ಬೀಜಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ಉದ್ದ, ಅಗಲ, ದಪ್ಪ ಇದ್ದರೆ ಒಳಗಿನ ಬುತ್ತಿ ಎಂಟರಷ್ಟು. ಅಂಗೈಯಲ್ಲಿ ಸ್ವಲ್ಪ ದಪ್ಪಗೆ ಕಾಣುವ ಬೀಜ ಮಣ್ಣಿನಡಿ ಬಹಳ ದೂರ ನಡೆಯಬಲ್ಲದು. ಮೇವಿನ ಹುಲ್ಲುಗಳ 1000 ಬೀಜದ ತೂಕ ಹೀಗೆ: ರೋಡ್ಸ್ ಹುಲ್ಲು ಸುಮಾರು ಕಾಲು ಗ್ರಾಂ, ಸೆಟೇರಿಯಾ ಸುಮಾರು ಅರ್ಧ ಗ್ರಾಂ, ಗಿನಿ ಒಂದು ಗ್ರಾಂ ಆಸುಪಾಸು, ಕಾಂಗೋ ಸಿಗ್ನಲ್ 4ರಿಂದ 5 ಗ್ರಾಂ, ಸುಡಾನ್ ಹುಲ್ಲು ಸುಮಾರು 10 ಗ್ರಾಂ, ಮೆಕ್ಕೆಜೋಳ 250ರಿಂದ 300 ಗ್ರಾಂ. ಒಂದು ಮೆಕ್ಕೆಜೋಳದ ಕಾಳಿನ ತೂಕಕ್ಕೆ ಇನ್ನೂರೈವತ್ತಕ್ಕಿಂತ ಹೆಚ್ಚು ಗಿನಿ ಬೀಜ ಬೇಕು.

ಹುಲ್ಲಿನ ಮೊಳಕೆ ಬರಿಮೈಯಲ್ಲಿ ಮೇಲೇಳುವುದಿಲ್ಲ. ಎಳೆ ಎಲೆಯ ಸುತ್ತ ಸೂಜಿಮೊನೆಯಂಥ ಒಂದು ಪೊರೆ ಇರುತ್ತದೆ. ಮಣ್ಣನ್ನು ಚುಚ್ಚಿ ದಾರಿ ಬಿಡಿಸುವುದು ಅದರ ಕೆಲಸ. ಬೆಳಕು ತಾಗಿದಾಗ ಪೊರೆಯ ಬೆಳವಣಿಗೆ ನಿಂತು, ತುದಿ ಬಿರಿದು ಎಲೆ ಹೊರಬರುತ್ತದೆ. ಬೆಳಕು ಸಿಗುವ ಮೊದಲೇ ಪೊರೆಯ ಉದ್ದ ಮುಗಿದರೆ, ಅಥವಾ ಮೇಲೆ ಗಟ್ಟಿ ಹೆಪ್ಪು ಅಡ್ಡ ಬಂದರೆ, ಎಲೆ ಮಣ್ಣಿನೊಳಗೇ ಬಿಚ್ಚಿಕೊಳ್ಳುತ್ತದೆ. ಮೆತ್ತಗಿನ ಆ ಎಲೆಗೆ ಮಣ್ಣು ಸೀಳುವ ತ್ರಾಣ ಎಲ್ಲಿ?

ಮೊದಲ ವರ್ಷ ನಾನು ಇದನ್ನು ಕಣ್ಣಾರೆ ನೋಡಿದೆ. ಒಂದು ಮಳೆ ಹೊಡೆದು, ಮೂರು ದಿನ ಸುಡುಬಿಸಿಲು ಬಂದು, ನಮ್ಮ ಕೆಂಪುಮಣ್ಣಿನ ಮೇಲೆ ಹಪ್ಪಳದಂಥ ಪದರ ಕಟ್ಟಿತ್ತು. ಎಂಟನೇ ದಿನ ಬೆರಳಿನಿಂದ ಒಂದು ಚೂರು ಹಪ್ಪಳ ಎಬ್ಬಿಸಿದೆ. ಅದರಡಿ ಒಂದು ಗಿನಿ ಮೊಳಕೆ, ಹಳದಿ ಬಿಳಿ ಬಣ್ಣದ್ದು, ಮಡಿಸಿದ ಬೀಸಣಿಗೆಯ ಹಾಗೆ ನಿರಿಗೆ ನಿರಿಗೆಯಾಗಿ ಮಲಗಿತ್ತು. ಮೇಲಕ್ಕೆ ಅದಕ್ಕೆ ಉಳಿದಿದ್ದ ದಾರಿ ಒಂದು ಅಕ್ಕಿಕಾಳಿನಷ್ಟೂ ಇರಲಿಲ್ಲ. ಅದೇ ಸಾಲಿನ ತುದಿಯಲ್ಲಿ ಬೇಲಿಗೆಂದು ಊರಿದ್ದ ಮೆಕ್ಕೆಜೋಳ ಹಪ್ಪಳವನ್ನೇ ತಲೆಯ ಮೇಲೆ ಎತ್ತಿಕೊಂಡು ನಿಂತಿತ್ತು.

ಹಾಗೆಂದು ದೊಡ್ಡ ಬೀಜವೇ ಮೇಲು ಎಂದು ಹೊರಟರೆ ತಪ್ಪಾದೀತು. ಆಳ ಸರಿಯಿದ್ದು, ಮಣ್ಣು ಹುಡಿಯಾಗಿದ್ದು, ತೇವ ಉಳಿದರೆ ಸಣ್ಣ ಬೀಜಕ್ಕೂ ದೊಡ್ಡ ಬೀಜಕ್ಕೂ ಮೇಲೆ ಬರುವುದರಲ್ಲಿ ಅಂತರ ಕಿರಿದಾಗುತ್ತದೆ. ದೊಡ್ಡ ಬೀಜ ಉಬ್ಬಲು ಹೆಚ್ಚು ನೀರು ಬೇಕು, ಅಂಟುಮಣ್ಣಿನಲ್ಲಿ ನೀರು ನಿಂತರೆ ಅದು ಕೊಳೆಯುತ್ತದೆ, ತಿನ್ನುವ ಬಾಯಿಗಳ ಕಣ್ಣಿಗೂ ಬೇಗ ಬೀಳುತ್ತದೆ. ಮೊದಲ ತಿಂಗಳಿನ ಅದರ ಮುನ್ನಡೆ ಕೂಡ ಕ್ರಮೇಣ ಕರಗುತ್ತದೆ. ಬೇರು ಹಿಡಿದು ತೆಂಡೆ ಒಡೆದ ಮೇಲೆ ಹುಲ್ಲಿನ ಸ್ವಭಾವವೇ ಇಳುವರಿ ತೀರ್ಮಾನಿಸುತ್ತದೆ, ಬೀಜದ ಗಾತ್ರ ಅಲ್ಲ.

ಆರಿಸುವ ಮೊದಲು ಅಳೆಯಬೇಕಾದ್ದು

ಮೊದಲನೆಯದು ಜಾಗ. ನಮ್ಮಲ್ಲಿ ಗದ್ದೆಗಳನ್ನು ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಎಂದು ಹಿರಿಯರು ವಿಂಗಡಿಸಿದ್ದು ನೀರಿನ ಲೆಕ್ಕದಲ್ಲಿ. ಬೈಲಿನಲ್ಲಿ ಮಳೆಗಾಲವಿಡೀ ನೀರು ನಿಲ್ಲುತ್ತದೆ. ಅಲ್ಲಿ ಜೂನ್, ಜುಲೈಯಲ್ಲಿ ಯಾವ ಹುಲ್ಲಿನ ಬೀಜವನ್ನೂ ಬಿತ್ತಬೇಡಿ. ಬೆಟ್ಟಿನಲ್ಲಿ ನೀರು ಬಸಿಯುತ್ತದೆ, ಆದರೆ ಇಳಿಜಾರಿದ್ದರೆ ಸಣ್ಣ ಬೀಜ ಮೊದಲ ಜೋರುಮಳೆಗೆ ತೋಡಿನ ದಾರಿ ಹಿಡಿಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ, ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರು ನಮ್ಮದು. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ನಡೆದದ್ದು ಇಲ್ಲಿ ನಡೆಯುತ್ತದೆಂದು ನಂಬಿ ದುಡ್ಡು ಕಳೆದುಕೊಂಡವರು ಎಷ್ಟೋ ಮಂದಿ. ಕಡಲ ಬದಿಯ ಹೊಯಿಗೆ (ಮರಳು) ನೆಲದ ಗುಣ ಇನ್ನೊಂದು: ಹಪ್ಪಳ ಕಟ್ಟುವುದಿಲ್ಲ, ಆದರೆ ಒಂದೇ ಮಧ್ಯಾಹ್ನದಲ್ಲಿ ಮೇಲಿನ ಬೆರಳುದ್ದ ಒಣಗಿಬಿಡುತ್ತದೆ. ಅಲ್ಲಿ ಬೀಜ ಸ್ವಲ್ಪ ಹೆಚ್ಚು ಆಳಕ್ಕೆ ಹೋಗಬೇಕು, ಅಂದರೆ ಆ ಆಳದಿಂದ ಮೇಲೆ ಬರಬಲ್ಲ ಗಾತ್ರದ ಬೀಜವೇ ಬೇಕು.

ಎರಡನೆಯದು ನಿಮ್ಮ ಸಮಯ. ಮೊದಲ ಇಪ್ಪತ್ತು ದಿನ ಬೆಳಿಗ್ಗೆ ಸಂಜೆ ನೋಡುವವರು ಮನೆಯಲ್ಲಿದ್ದಾರೆಯೇ? ಮಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವವರು ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಸಣ್ಣ ಬೀಜ ಅಗ್ಗದಲ್ಲಿ ಸಿಗುತ್ತದೆ, ಉಳಿದ ಬೆಲೆಯನ್ನು ಆರೈಕೆಯಲ್ಲಿ ತೆರಬೇಕು.

ಮೂರನೆಯದು ಜೀವಂತ ಬೀಜದ ಲೆಕ್ಕ. ಕಿಲೋಗೆ ಎಷ್ಟು ರೂಪಾಯಿ ಎಂದು ಕೇಳಿ ನಿಲ್ಲಿಸಬೇಡಿ. ಉದಾಹರಣೆಗೆ ಒಂದು ಕಿಲೋ ಗಿನಿಯಲ್ಲಿ 10 ಲಕ್ಷ ಬೀಜ ಎಂದಿಟ್ಟುಕೊಳ್ಳಿ. ಹೊಟ್ಟು, ಕಸ ಕಳೆದು ಶುದ್ಧ ಬೀಜ ನೂರಕ್ಕೆ 70, ಅದರಲ್ಲಿ ಮೊಳೆಯುವುದು ನೂರಕ್ಕೆ 30 ಆದರೆ ಕೈಗೆ ಸಿಗುವ ಜೀವಂತ ಬೀಜ 2.1 ಲಕ್ಷ. ಕಾಂಗೋ ಸಿಗ್ನಲ್ ಒಂದು ಕಿಲೋದಲ್ಲಿ 2.2 ಲಕ್ಷ ಬೀಜ, ಶುದ್ಧತೆ 90, ಮೊಳಕೆ 60 ಎಂದರೆ ಸುಮಾರು 1.2 ಲಕ್ಷ. ಹತ್ತು ಲಕ್ಷ, ಎರಡು ಲಕ್ಷ ಎಂದು ದೂರವಿದ್ದ ಅಂಕಿಗಳು ಹೇಗೆ ಹತ್ತಿರ ಬಂದವು ನೋಡಿ. ಬೆಲೆಯನ್ನು ಈ ಕೊನೆಯ ಅಂಕಿಯಿಂದ ಭಾಗಿಸಿ ನೋಡಿದರೆ ಮಾತ್ರ ಯಾವುದು ಅಗ್ಗ ಎಂದು ತಿಳಿಯುತ್ತದೆ.

ಉಳಿದ ಎರಡು ಬೇಗ ಹೇಳಿ ಮುಗಿಸುತ್ತೇನೆ: ತೆಂಗಿನಡಿಯ ನೆರಳೋ ಬಯಲೋ, ಒಂದೇ ಕೊಯ್ಲು ಸಾಕೋ ನಾಲ್ಕೈದು ವರ್ಷ ನಿಲ್ಲಬೇಕೋ. ಇವು ಪಟ್ಟಿಯಿಂದ ಅರ್ಧ ಹುಲ್ಲುಗಳನ್ನು ತಾವಾಗಿಯೇ ಕೈಬಿಡಿಸುತ್ತವೆ.

ಗಿನಿ ಹುಲ್ಲು

ತೆಂಗಿನ ತೋಟವಿರುವ ಮನೆಗೆ ನಾನು ಮೊದಲು ಹೇಳುವ ಹೆಸರು ಇದು. ನೆರಳು ತಡೆಯುತ್ತದೆ, ದನ ಆಸೆಯಿಂದ ತಿನ್ನುತ್ತದೆ, ಒಮ್ಮೆ ಬುಡ ಕಟ್ಟಿತೆಂದರೆ ವರ್ಷಗಟ್ಟಲೆ ಕೊಯ್ಯಬಹುದು. ಕಷ್ಟವೆಲ್ಲ ಬೀಜದಲ್ಲಿ. ಗಿನಿಯ ತೆನೆ ಒಟ್ಟಿಗೆ ಹಣ್ಣಾಗುವುದಿಲ್ಲ. ತುದಿಯಲ್ಲಿ ಬಲಿತ ಬೀಜ ಉದುರುತ್ತಿರುವಾಗ ಬುಡದಲ್ಲಿ ಇನ್ನೂ ಹೂವಿರುತ್ತದೆ. ಹಾಗಾಗಿ ಕೊಯ್ದ ಬೀಜದಲ್ಲಿ ಜೊಳ್ಳು ಬಹಳ. ಅದರ ಮೇಲೆ ಹೊಸ ಬೀಜಕ್ಕೆ ನಿದ್ದೆಯೂ ಉಂಟು. ಕೊಯ್ದ ಕೂಡಲೇ ಬಿತ್ತಿದರೆ ಏಳುವುದಿಲ್ಲ, ಕೆಲವು ತಿಂಗಳು ಒಣಗಿಸಿ ಇಡಬೇಕು.

ಆಳ ಒಂದು ಸೆಂಟಿಮೀಟರ್ ಮೀರಬಾರದು, ಅರ್ಧವಾದರೆ ಇನ್ನೂ ಒಳ್ಳೆಯದು. ಒಂದು ಪಾಲು ಬೀಜಕ್ಕೆ ನಾಲ್ಕು ಪಾಲು ಒಣ ಹೊಯಿಗೆ ಬೆರೆಸಿ ಚೆಲ್ಲಿದರೆ ಕೈಯಿಂದ ಸಮನಾಗಿ ಬೀಳುತ್ತದೆ. ಮೇಲೆ ಮಣ್ಣು ಎಳೆಯುವುದಕ್ಕಿಂತ ಹಲಗೆಯಿಂದ ಒತ್ತಿಬಿಡಿ. ಸಣ್ಣ ಬೀಜಕ್ಕೆ ಬೇಕಾದ್ದು ಮಣ್ಣಿನ ಸ್ಪರ್ಶ, ಮಣ್ಣಿನ ಭಾರ ಅಲ್ಲ.

ಎಕರೆಗೆ ಒಂದೂವರೆ ಕಿಲೋ ಹಾಕಿದಿರಿ ಎನ್ನೋಣ. ಮೇಲಿನ ಲೆಕ್ಕದಂತೆ ಚದರ ಮೀಟರಿಗೆ ಎಪ್ಪತ್ತೆಂಟು ಜೀವಂತ ಬೀಜ ಬೀಳುತ್ತದೆ. ಕೊನೆಗೆ ನಮಗೆ ಬೇಕಾದ್ದು ಆ ಜಾಗದಲ್ಲಿ ಏಳೆಂಟು ಬುಡ. ಹತ್ತರಲ್ಲಿ ಒಂದು ಬದುಕಿದರೂ ಗದ್ದೆ ತುಂಬುತ್ತದೆ. ಸಣ್ಣ ಬೀಜದ ಹುಲ್ಲುಗಳು ಬದುಕಿ ಬಂದದ್ದೇ ಹೀಗೆ. ಒಂದೊಂದು ಬೀಜದ ಬುತ್ತಿ ಚಿಕ್ಕದು, ಆದರೆ ಹೊರಟವರ ಸಂಖ್ಯೆ ದೊಡ್ಡದು. ಆದರೆ ಆಳ ತಪ್ಪಿದರೆ ಹತ್ತರಲ್ಲಿ ಒಂದೂ ಉಳಿಯುವುದಿಲ್ಲ, ಎಲ್ಲವೂ ಒಟ್ಟಿಗೆ ಹೋಗುತ್ತವೆ. ಅಕ್ಕನ ಗದ್ದೆಯಲ್ಲಿ ಆದದ್ದು ಅದು.

ಕರಾವಳಿಯವರಿಗೆ ಇಲ್ಲೊಂದು ಒಳದಾರಿ ಉಂಟು. ನಮಗೆ ಭತ್ತದ ನೇಜಿ ಗೊತ್ತು, ಮಡಿಯಲ್ಲಿ ಸಸಿ ಎಬ್ಬಿಸಿ ಆಮೇಲೆ ಕಿತ್ತು ನೆಡುವುದು. ಹುಲ್ಲಿಗೂ ನೇಜಿ ಮಾಡಿ. ಬಾವಿಕಟ್ಟೆಯ ಹತ್ತಿರ, ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ, ಎತ್ತರಿಸಿದ ಪುಟ್ಟ ಮಡಿ ಕಟ್ಟಿ ಹುಡಿಗೊಬ್ಬರ ಸೇರಿಸಿ ಬೀಜ ಚೆಲ್ಲಿ ಒತ್ತಿ. ಮೇಲೆ ತೆಂಗಿನ ಮಡಲು ಹರಡಿ. ಮಳೆಹನಿ ನೇರ ಬಡಿದಾಗಲೇ ಮಣ್ಣು ಹಪ್ಪಳ ಕಟ್ಟುವುದು, ಮಡಲು ಆ ಪೆಟ್ಟನ್ನು ತಡೆಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ತೇವವನ್ನೂ ಉಳಿಸುತ್ತದೆ. ಹಸಿರು ಕಂಡ ದಿನ ಸಂಜೆಯೇ ಮಡಲು ತೆಗೆಯಬೇಕು, ತಡಮಾಡಿದರೆ ಮೊಳಕೆ ಬಿಳಿಚಿ ಬಾಗುತ್ತದೆ. ಮನೆಯ ಪಕ್ಕದಲ್ಲೇ ಇರುವುದರಿಂದ ಇರುವೆ ಸಾಲು ಕಟ್ಟಿದ್ದೂ ಬೇಗ ಕಣ್ಣಿಗೆ ಬೀಳುತ್ತದೆ. ಸಣ್ಣ ಬೀಜಕ್ಕೆ ನವಿಲಿಗಿಂತ ಇರುವೆ ದೊಡ್ಡ ಶತ್ರು. ಮೂರು ನಾಲ್ಕು ವಾರದ ಸಸಿಯನ್ನು ಕಿತ್ತು 50 ಸೆಂಟಿಮೀಟರ್ ಸಾಲಿನಲ್ಲಿ, ಸಸಿಯಿಂದ ಸಸಿಗೆ 30 ಸೆಂಟಿಮೀಟರ್ ಬಿಟ್ಟು ನೆಟ್ಟರೆ, ಮಳೆ ಹಿಡಿದ ಮೇಲೂ ಕೊಚ್ಚಿಹೋಗುವ ಹೆದರಿಕೆಯಿಲ್ಲ. ಬೀಜವೂ ಬಹಳ ಕಡಿಮೆ ಸಾಕು. ನೆಡುವ ಕೂಲಿ ಮಾತ್ರ ಸೇರಿಸಿಕೊಳ್ಳಬೇಕು. ಹತ್ತು ಸೆಂಟ್ಸಿಗೆ ಮನೆಯವರೇ ಸಾಕಾಗುತ್ತಾರೆ, ಒಂದು ಎಕರೆಗೆ ಯೋಚಿಸಬೇಕಾಗುತ್ತದೆ.

ಕಾಂಗೋ ಸಿಗ್ನಲ್

ಬ್ರಾಕಿಯೇರಿಯಾ ಬಳಗದ ಈ ಹುಲ್ಲು ಬೀಜದ ಗಾತ್ರದಲ್ಲಿ ನಡುವಿನದು. ಗಿನಿಯ ನಾಲ್ಕೈದು ಪಟ್ಟು ಬುತ್ತಿ ಇರುವುದರಿಂದ ಒಂದರಿಂದ ಎರಡು ಸೆಂಟಿಮೀಟರ್ ಆಳದಿಂದ ಮೇಲೆ ಬರುತ್ತದೆ. ಈ ಒಂದು ಸೆಂಟಿಮೀಟರ್ ಕಾಗದದ ಮೇಲೆ ಏನೂ ಅಲ್ಲ, ಗದ್ದೆಯಲ್ಲಿ ಮಾತ್ರ ಬಹಳ. ಮೇಲಿನ ಪದರ ಒಣಗಿದಾಗಲೂ ಎರಡು ಸೆಂಟಿಮೀಟರ್ ಕೆಳಗೆ ತೇವ ಇರುತ್ತದೆ, ಮಳೆ ಜೋರಾದರೂ ಬೀಜ ತೇಲಿ ಹೋಗುವುದಿಲ್ಲ, ಕುಂಟೆಯಿಂದ ಗೀರಿ ಸಾಲಿನಲ್ಲಿ ಹಾಕಿ ಮುಚ್ಚುವಷ್ಟು ಕೈಗೆ ಸಲೀಸು. ನೇಜಿ ಮಾಡಲು ಪುರುಸೊತ್ತಿಲ್ಲ, ನೇರ ಬಿತ್ತಬೇಕು ಎನ್ನುವವರಿಗೆ ನನ್ನ ಸಲಹೆ ಕಣ್ಣುಮುಚ್ಚಿ ಇದೇ.

ನಮ್ಮ ಹುಳಿಮಣ್ಣನ್ನು ಈ ಬಳಗ ಚೆನ್ನಾಗಿ ಸಹಿಸುತ್ತದೆ. ತೆಂಗಿನಡಿಯ ಹದವಾದ ನೆರಳಿನಲ್ಲೂ ಬರುತ್ತದೆ. ನೆಲಕ್ಕೆ ಹಬ್ಬಿ ಹರಡುವುದರಿಂದ ಬೆಟ್ಟಿನ ಇಳಿಜಾರಿನಲ್ಲಿ ಮಣ್ಣು ಹಿಡಿದಿಡುತ್ತದೆ, ನಾಚಿಕೆ ಮುಳ್ಳು ಏಳಲು ಜಾಗ ಕೊಡುವುದಿಲ್ಲ. ಇದರ ಬೀಜಕ್ಕೂ ನಿದ್ದೆ ಉಂಟು. ಗಟ್ಟಿ ಸಿಪ್ಪೆಯ ಕಾರಣ ಮೊಳಕೆ ಒಟ್ಟಿಗೆ ಬರದೆ ಎರಡು ಮೂರು ವಾರ ಹಿಂದುಮುಂದಾಗಿ ಬರುತ್ತದೆ. ಹತ್ತನೇ ದಿನ ಅಲ್ಲಲ್ಲಿ ಖಾಲಿ ಕಂಡಿತೆಂದು ಮತ್ತೆ ಬಿತ್ತಲು ಹೋಗಬೇಡಿ. ಆಡು ಸಾಕುವವರಿಗೆ ಒಂದು ಎಚ್ಚರ: ಸಿಗ್ನಲ್ ಜಾತಿಯ ಹುಲ್ಲನ್ನೇ ಪೂರ್ತಿ ಮೇವಾಗಿ ಕೊಟ್ಟರೆ ಆಡು, ಕುರಿಗಳಲ್ಲಿ ಬಿಸಿಲಿಗೆ ಚರ್ಮ ಸುಟ್ಟಂತಾಗುವ ತೊಂದರೆ ಕಾಣಿಸಬಹುದು. ಬೇರೆ ಸೊಪ್ಪಿನ ಜೊತೆ ಬೆರೆಸಿ ಕೊಡಿ.

ಸೆಟೇರಿಯಾ, ರೋಡ್ಸ್ ಎರಡೂ ಗಿನಿಗಿಂತ ಸಣ್ಣ ಬೀಜದವು. ಬೀಜ ಮೇಲೆಯೇ ಇದ್ದ ಹಾಗಿರಬೇಕು, ಬಿರುಮಳೆ ತಾಗಬಾರದು, ಒಣಗಲೂಬಾರದು. ಇಷ್ಟನ್ನು ಜೂನ್ ತಿಂಗಳಿನ ಕರಾವಳಿಯಲ್ಲಿ ಹೊಂದಿಸುವುದು ಕಷ್ಟ. ಹಸಿನೆಲ ತಡೆಯುವ ಗುಣಕ್ಕಾಗಿ ಸೆಟೇರಿಯಾ ಬೇಕೆಂದರೆ, ಉಪ್ಪುನೀರು ಹತ್ತುವ ಹೊಳೆಬದಿಯ ಗದ್ದೆಗೆ ಉಪ್ಪು ತಾಳುವ ರೋಡ್ಸ್ ಬೇಕೆಂದರೆ, ಮಳೆ ಇಳಿಯುವ ಸೋಣ ತಿಂಗಳವರೆಗೆ (ಆಗಸ್ಟ್-ಸೆಪ್ಟೆಂಬರ್) ಕಾಯಿರಿ.

ಮೇವಿನ ಜೋಳ ಮತ್ತು ಮೆಕ್ಕೆಜೋಳ

ಇವೆರಡೂ ವರ್ಷಗಟ್ಟಲೆ ನಿಲ್ಲುವ ಹುಲ್ಲುಗಾವಲಲ್ಲ. ಆದರೂ ಹೋಲಿಕೆಗೆ ಬೇಕು, ಏಕೆಂದರೆ ಬೀಜ ಮೇಲೆ ಬರುವುದು ಎಷ್ಟು ಸುಲಭವಾಗಬಹುದು ಎಂದು ತೋರಿಸುವುದು ಇವೇ. ಬಿಳಿಜೋಳದ ಜಾತಿಯ ಮೇವಿನ ಜೋಳ, ಸುಡಾನ್ ಹುಲ್ಲು ಎರಡು ಮೂರು ಸೆಂಟಿಮೀಟರ್ ಆಳದಿಂದ ವಾರದೊಳಗೆ ಎದ್ದು ನಿಲ್ಲುತ್ತವೆ. ಹಲವು ಕೊಯ್ಲಿನ ತಳಿಗಳೂ ಉಂಟು. ನೀರು ನಿಲ್ಲದ ಮಜಲಿನಲ್ಲಿ, ಮಳೆ ಕಡಿಮೆಯಾದ ಮೇಲೆ ಬಿತ್ತಬಹುದು. ಆದರೆ ಎಳೆ ಜೋಳದಲ್ಲಿ ಸಯನೈಡ್ ವಿಷದ ಅಂಶ ಇರುತ್ತದೆ. ಹೂ ಬರುವ ಮುಂಚೆ, ಅದರಲ್ಲೂ ಬಿಸಿಲಿಗೆ ಬಾಡಿದ ಎಳೆ ಚಿಗುರನ್ನು, ದನದ ಮುಂದೆ ಹಾಕಲೇಬಾರದು.

ಮೆಕ್ಕೆಜೋಳದಲ್ಲಿ ಆಫ್ರಿಕನ್ ಟಾಲ್ ತಳಿ ಮೇವಿಗೆಂದೇ ಎಲ್ಲ ಕಡೆ ಬೆಳೆಯುವಂಥದ್ದು. ನಾಲ್ಕೈದು ಸೆಂಟಿಮೀಟರ್ ಆಳದಿಂದಲೂ ಐದಾರು ದಿನದಲ್ಲಿ ಹೊರಗೆ. ಎರಡು ತಿಂಗಳಲ್ಲಿ ಆಳೆತ್ತರದ ಮೇವು. ಮೊದಲ ಸಲ ಹುಲ್ಲು ಬೆಳೆಯುವವರಿಗೆ ಇದು ಧೈರ್ಯ ಕೊಡುವ ಬೆಳೆ. ಅದರ ಲೆಕ್ಕವನ್ನೂ ನೋಡಿ: ಎಕರೆಗೆ 16 ಕಿಲೋ ಬೀಜ ಎಂದರೆ ಸುಮಾರು 56,000 ಕಾಳು, ಚದರ ಮೀಟರಿಗೆ ಹದಿನಾಲ್ಕು. ಗಿನಿಯಲ್ಲಿ ಹತ್ತರಲ್ಲಿ ಒಂಬತ್ತು ಹೋದರೂ ತಾಳಿಕೊಳ್ಳಬಹುದು ಎಂದೆನಲ್ಲ, ಇಲ್ಲಿ ಅರ್ಧ ಹೋದರೂ ಗದ್ದೆ ಬೋಳು. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ನವಿಲು ಈಗ ಅಂಗಳದವರೆಗೆ ಬಂದಿದೆ. ಮೊಳಕೆಯ ಹಸಿರು ತುದಿ ಕಂಡ ಬೆಳಿಗ್ಗೆಯೇ ಸಾಲು ಹಿಡಿದು ಒಂದೊಂದೇ ಕುಕ್ಕಿ, ಎಳೆದು, ಬುಡದ ಕಾಳು ತಿಂದು ಸಸಿಯನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಕಾಡುಹಂದಿ ಇರುವ ಕಡೆ ಬಿತ್ತಿದ ರಾತ್ರಿಯೇ ಸಾಲು ಉತ್ತಂತಾಗಿರುತ್ತದೆ. ದೊಡ್ಡ ಬುತ್ತಿ ಕಂಡರೆ ಹಸಿದವರು ಬಿಡುವುದುಂಟೇ? ಮನೆಯ ಕಣ್ಣಳತೆಯಲ್ಲಿ, ಬೇಲಿ ಅಥವಾ ಹಳೆಯ ಮೀನುಬಲೆ ಕಟ್ಟಬಹುದಾದ ಜಾಗವಿದ್ದರೆ ಮಾತ್ರ ಮೆಕ್ಕೆಜೋಳಕ್ಕೆ ಕೈಹಾಕಿ. ನೆರಳಿನಲ್ಲಿ ಇದು ಬರುವುದಿಲ್ಲ, ಪ್ರತಿ ಬೆಳೆಗೂ ಹೊಸ ಬೀಜ ಬೇಕು.

ಬೀಜವೇ ಇಲ್ಲದ ನೇಪಿಯರ್

ಸಿಒ-3, ಸಿಒ-4 ಎಂದು ಕರೆಯುವ ಹೈಬ್ರಿಡ್ ನೇಪಿಯರ್ ಸಜ್ಜೆ ಮತ್ತು ನೇಪಿಯರ್ ಹುಲ್ಲಿನ ಸಂಕರ. ವರ್ಣತಂತುಗಳು ಜೋಡಿ ಕೂಡದ ಕಾರಣ ಇದರಲ್ಲಿ ಬೀಜ ಕಟ್ಟುವುದಿಲ್ಲ. ಕಡ್ಡಿಯಿಂದಲೇ ಬೆಳೆಸಬೇಕು. ಬುತ್ತಿಯ ಲೆಕ್ಕದಲ್ಲಿ ನೋಡಿದರೆ ಎರಡು ಮೂರು ಗಂಟಿನ ಒಂದು ಕಡ್ಡಿ ಯಾವ ಬೀಜಕ್ಕಿಂತಲೂ ದೊಡ್ಡದು. ಒಂದು ಗಂಟು ಮಣ್ಣಿನಡಿ, ಒಂದು ಮೇಲೆ ಇರುವಂತೆ ಓರೆಯಾಗಿ ಊರಿದರೆ ಹಪ್ಪಳದ ಹೆದರಿಕೆ ಇಲ್ಲ, ಆಳದ ತಲೆನೋವಿಲ್ಲ, ಇರುವೆ ನವಿಲುಗಳ ಕಾಟವಿಲ್ಲ.

60 ಸೆಂಟಿಮೀಟರ್ ಸಾಲಿನಲ್ಲಿ 50 ಸೆಂಟಿಮೀಟರಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 13,500 ಕಡ್ಡಿ ಬೇಕು, ಹತ್ತು ಸೆಂಟ್ಸಿಗೆ 1,350. ಒಂದೂವರೆ ಕಿಲೋ ಬೀಜ ಸ್ಕೂಟರಿನ ಡಿಕ್ಕಿಯಲ್ಲಿ ಬರುತ್ತದೆ, ಕಡ್ಡಿಗೆ ಪಿಕಪ್ ಬೇಕು. ನೆರೆಮನೆಯಲ್ಲಿ ನೇಪಿಯರ್ ಇದ್ದರೆ ಖರ್ಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ನಮ್ಮಲ್ಲಿ ಕೇಳಿದರೆ ಕೊಡದವರೂ ಇಲ್ಲ. ನೀರು ನಿಂತರೆ ಕಡ್ಡಿ ಕೊಳೆಯುತ್ತದೆ, ದಟ್ಟ ನೆರಳಿನಲ್ಲಿ ಸೊರಗುತ್ತದೆ, ಬೇಸಗೆಯಲ್ಲಿ ನೀರು ಕೊಡದೆ ಇಳುವರಿ ಕೇಳಬಾರದು. ಬಯಲು, ನೀರು, ಗೊಬ್ಬರ ಮೂರೂ ಇದ್ದವರಿಗೆ ಇದನ್ನು ಮೀರಿಸುವ ಹುಲ್ಲಿಲ್ಲ.

ನಿಮ್ಮ ಮನೆಗೆ ಯಾವುದು

ತೆಂಗಿನಡಿಯಲ್ಲಿ ಹತ್ತಿಪ್ಪತ್ತು ಸೆಂಟ್ಸ್ ಜಾಗ, ಮನೆಯಲ್ಲಿ ಅಮ್ಮನೋ ಅತ್ತೆಯೋ ಇಡೀ ದಿನ ಇರುತ್ತಾರೆ, ಕೈಯಲ್ಲಿ ದುಡ್ಡು ಕಡಿಮೆ: ಗಿನಿ ಬೀಜ ತಂದು ನೇಜಿ ಮಾಡಿ. ಅದೇ ತೋಟ, ಆದರೆ ದಂಪತಿ ಇಬ್ಬರೂ ಕೆಲಸಕ್ಕೆ ಹೋಗುವವರು: ಕಾಂಗೋ ಸಿಗ್ನಲ್ ನೇರ ಬಿತ್ತನೆ. ಬೀಜಕ್ಕೆ ಸ್ವಲ್ಪ ಹೆಚ್ಚು ಖರ್ಚಾದರೂ ಎರಡನೇ ಸಲ ಬಿತ್ತುವ ಕೂಲಿ ಉಳಿಯುತ್ತದೆ. ನೀರಾವರಿ ಇರುವ ಬಯಲಿಗೆ ನೇಪಿಯರ್ ಬಿಟ್ಟು ಬೇರೆ ಯೋಚನೆ ಬೇಡ. ಇನ್ನೆರಡು ತಿಂಗಳಲ್ಲಿ ಕರು ಹಾಕುವ ದನ ಇದೆ, ಮೇವು ಈಗಲೇ ಬೇಕು ಎನ್ನುವವರು ಬೇಲಿಯೊಳಗೆ ಮೆಕ್ಕೆಜೋಳ ಬಿತ್ತಿ, ಪಕ್ಕದಲ್ಲೇ ಗಿನಿಯ ನೇಜಿಯನ್ನೂ ಹಾಕಿಡಿ. ಜೋಳ ಕೊಯ್ದು ಮುಗಿಯುವಾಗ ಗಿನಿ ಕೊಯ್ಲಿಗೆ ಬಂದಿರುತ್ತದೆ. ಬೈಲಿನವರು ಭತ್ತದ ಕೊಯ್ಲಾಗುವವರೆಗೆ ಕಾದು, ಉಳಿದ ತೇವದಲ್ಲಿ ಜೋಳವನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ಯಾವುದನ್ನು ಆರಿಸಿದರೂ ಒಂದೇ ಚೀಲದೊಳಗಿನ ಬೀಜಗಳಲ್ಲೂ ಗಟ್ಟಿ, ಹಗುರ ಎಂಬ ಭೇದ ಇರುತ್ತದೆ. ಜಾತಿಗಳ ನಡುವಿನ ಗಾತ್ರದ ವ್ಯತ್ಯಾಸವನ್ನು ನಾವು ಬದಲಿಸಲಾರೆವು, ಇದನ್ನು ಮಾತ್ರ ನಮ್ಮ ಕೈಯಲ್ಲೇ ಸರಿಮಾಡಬಹುದು. ಭತ್ತಕ್ಕೆ ನಮ್ಮ ಹಿರಿಯರು ಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿದ ನೀರಿನಲ್ಲಿ ಬೀಜ ಹಾಕಿ, ತೇಲಿದ್ದನ್ನು ಬಿಟ್ಟು ಮುಳುಗಿದ್ದನ್ನು ಇಟ್ಟುಕೊಳ್ಳುತ್ತಿದ್ದರು. ಹುಲ್ಲಿನ ಬೀಜಕ್ಕೆ ಅದು ನಡೆಯುವುದಿಲ್ಲ. ಸಿಪ್ಪೆಯೊಳಗೆ ಗಾಳಿ ಸಿಕ್ಕಿ ಒಳ್ಳೆಯ ಬೀಜವೂ ತೇಲುತ್ತದೆ. ಗೆರಸೆಯೇ ಸರಿ. ತೆಳುಗಾಳಿಗೆ ಎರಡು ಸಲ ಕೇರಿದರೆ ಜೊಳ್ಳು ಮುಂದೆ ಹಾರಿ, ಗಟ್ಟಿ ಬೀಜ ಗೆರಸೆಯಲ್ಲಿ ಉಳಿಯುತ್ತದೆ. ಆ ಗಟ್ಟಿ ಬೀಜಗಳೇ ಒಂದೆರಡು ಮಿಲಿಮೀಟರ್ ಹೆಚ್ಚು ಮಣ್ಣು ಬಿದ್ದರೂ ತಡೆದು ಮೇಲೆ ಬರುವವು.

ಬಿತ್ತುವ ಮೂರು ವಾರ ಮೊದಲು ಎರಡು ಪರೀಕ್ಷೆ ಮಾಡಿ. ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಜೋಳವಾದರೆ ಒಂದು ವಾರ, ಗಿನಿ, ಸಿಗ್ನಲ್ ಆದರೆ ಮೂರು ವಾರದವರೆಗೆ ನೋಡಿ. ಮೊಳೆತದ್ದನ್ನು ಎಣಿಸಿದರೆ ಜೀವಂತ ಬೀಜದ ಲೆಕ್ಕ ಸಿಕ್ಕಿತು. ಎರಡನೆಯದಕ್ಕೆ ಮೂರು ತೆಂಗಿನ ಗೆರಟೆ ಬೇಕು. ಅಡಿಯಲ್ಲಿ ತೂತು ಕೊರೆದು ನಿಮ್ಮ ಗದ್ದೆಯ ಮಣ್ಣನ್ನೇ ತುಂಬಿ, ಒಂದರಲ್ಲಿ ಅರ್ಧ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ನಾಲ್ಕು ಸೆಂಟಿಮೀಟರ್ ಆಳಕ್ಕೆ ಇಪ್ಪತ್ತಿಪ್ಪತ್ತು ಬೀಜ ಹಾಕಿ. ನಮ್ಮ ಜಗಲಿಯಲ್ಲಿ ಗಿನಿ ಹಾಕಿ ನೋಡಿದಾಗ ಮೊದಲ ಗೆರಟೆ ಹಸಿರಾಯಿತು, ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು, ಮೂರನೆಯದು ಕೊನೆಯವರೆಗೂ ಬರೀ ಮಣ್ಣು. ಅಕ್ಕ ಆ ಮೂರನೇ ಗೆರಟೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

ಉಳಿದ ಬೀಜವನ್ನು ಗೋಣಿಯಲ್ಲಿ ಬಿಡಬೇಡಿ. ಆಟಿ ತಿಂಗಳ (ಜುಲೈ-ಆಗಸ್ಟ್) ತೇವ ಹೀರಿ ಸಣ್ಣ ಬೀಜ ಬಹಳ ಬೇಗ ಸಾಯುತ್ತದೆ. ಬಿಸಿಲಿಗೆ ಒಣಗಿಸಿ, ತಣಿಸಿ, ಬಿಗಿಮುಚ್ಚಳದ ಬಾಟಲಿಯಲ್ಲಿ ಒಂದೆರಡು ಒಣ ಇದ್ದಿಲ ತುಂಡಿನ ಜೊತೆ ಹಾಕಿ, ಕೊಯ್ದ ತಿಂಗಳನ್ನು ಚೀಟಿಯಲ್ಲಿ ಬರೆದು ಅಂಟಿಸಿಡಿ. ಅಕ್ಕನ ಬಾಟಲಿ ಈಗ ಅವರ ಅಡುಗೆಮನೆಯ ಮೇಲಟ್ಟದಲ್ಲಿ ಉಂಟು. ಈ ವರ್ಷದ ಮಡಿ ಬಾವಿಯ ಪಡುಬದಿಗೆ, ನಿಂಬೆಗಿಡದ ಪಕ್ಕ. ಮಡಲು ಕಡಿದು ಒಟ್ಟಿಯಾಗಿದೆ.